ಬೈಠಕಿನ ದಿನದ ಮಜ್ಜಿಗೆ

1944ನೆಯ ಇಸವಿ, ಜನವರಿ ಹದಿನೇಳು, ಸೋಮವಾರ. ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ತಿಕೋಟಾದಲ್ಲಿ ಬಸ್ಸು ನಿಲ್ಲುವ ಬೇವಿನ ಮರದ ಎದುರು, ಮುರಿಗೆವ್ವನ ಖಾನಾವಳಿಯ ಜಗಲಿಯಲ್ಲಿ ಕೂತು ಶಿವಾನಂದ ಸಜ್ಜೆ ರೊಟ್ಟಿಯ ಮೊದಲ ತುತ್ತು ಮುರಿದ. ರಸ್ತೆಯಲ್ಲಿ ನಿಂತಿದ್ದವರು ಮಾತು ನಿಲ್ಲಿಸಿದರು.

“ನುಂಗಬ್ಯಾಡ್ರಿ ಸಾಹೇಬ್ರ,” ಎಂದ ಹವಾಲ್ದಾರ ಮಲಕಾಜಪ್ಪ. “ನಿಮಗೇನರ ಆತಂದ್ರ ಇನ್ನೊಂದು ಪಂಚನಾಮೆ ನಾನ ಬರೀಬೇಕು. ಮೊದಲನೇದ ಇನ್ನೂ ಮುಗದಿಲ್ಲ.”

ಶಿವಾನಂದ ನುಂಗಿದ. ಎಳ್ಳು ಹಚ್ಚಿದ ರೊಟ್ಟಿ, ಗುರೆಳ್ಳು ಹಿಂಡಿ, ಅದರ ಮೇಲೆ ಕುಸುಬೆ ಎಣ್ಣೆ. ಅವನು ಎರಡನೆಯ ತುತ್ತಿಗೆ ಕೈ ಹಾಕಿದ.

ಒಳಬಾಗಿಲಲ್ಲಿ ನಿಂತಿದ್ದ ಮುರಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶನಿವಾರ ಸಂಜೆ ವಿಜಾಪುರದ ಗಾಯಕಿ ಗಂಗಾಬಾಯಿ, ಹಾಡಿನ ಬೈಠಕು ಶುರುವಾಗುವ ಮೊದಲೇ ಇದೇ ಜಗಲಿಯಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದ ಮೇಲೆ, ಈ ಮನೆಯ ಅನ್ನ ಮುಟ್ಟಿದ ಮೊದಲ ಮನುಷ್ಯ ಅವನು.

ಶಿವಾನಂದ ಪೊಲೀಸನಲ್ಲ. ಪುಣೆಯಲ್ಲಿ ರಸಾಯನಶಾಸ್ತ್ರ ಓದಿ, ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮನೆ ಮಾಡಿಕೊಂಡು, ಕರೆದವರ ತೊಡಕು ಬಿಡಿಸಿಕೊಡುತ್ತಿದ್ದ. ಈ ಸಲ ಕರೆದವಳು ಬಬಲೇಶ್ವರದ ಅಕ್ಕನಾಗಮ್ಮ. ಬೈಠಕು ಏರ್ಪಡಿಸಿದ್ದು ಅವಳು. ಬಿದ್ದ ಗಾಯಕಿಯನ್ನು ಬಂಡಿಯಲ್ಲಿ ಮಲಗಿಸಿಕೊಂಡು ತನ್ನ ವಾಡೆಗೆ ಒಯ್ದವಳೂ ಅವಳೇ.

ಹೊಸ ಊರಿಗೆ ಹೋದರೆ ಶಿವಾನಂದ ಮೊದಲು ಊಟ ಸಿಗುವಲ್ಲಿಗೆ ಹೋಗುತ್ತಿದ್ದ, ಆಮೇಲೆ ಹಳೆಯ ಕಲ್ಲು ಇರುವಲ್ಲಿಗೆ, ಕಡೆಗೆ ಹಾಡು ಕೇಳಿಸುವಲ್ಲಿಗೆ. ಊರು ತನ್ನ ಬಗ್ಗೆ ಸುಳ್ಳು ಹೇಳದ ಜಾಗಗಳು ಅವು ಎಂದು ಅವನ ನಂಬಿಕೆ.

“ಮಧ್ಯಾಹ್ನದ ಬಸ್ಸಿಗಿ ಈಕೀನ ವಿಜಾಪುರಕ್ಕ ಒಯ್ಯಬೇಕಂತ ಹುಕುಂ ಐತ್ರಿ,” ಎಂದ ಮಲಕಾಜಪ್ಪ, ರೊಟ್ಟಿಯ ಕಡೆ ನೋಡುತ್ತ. “ಈಕಿ ಜೇಲಿಗಿ ಹೋದ್ರ ನಾ ಉಣ್ಣೂದೆಲ್ಲಿ? ಅದನ್ನ ಸಾಹೇಬರು ವಿಚಾರ ಮಾಡಿಲ್ಲ.”

“ಸಂಶಯ ಯಾಕ ಬಂತು?”

“ಬಾಯಾರು ಈಕಿ ಎಣ್ಣಿಗಾಯಿ ಹೊಳ್ಳಿ ಕಳಿಸಿದ್ರು. ಹಾಡೋ ದಿನ ಎಣ್ಣಿ ಮುಟ್ಟಂಗಿಲ್ಲ, ಹುಳಿ ಮುಟ್ಟಂಗಿಲ್ಲ ಅಂದ್ರು. ಅದಕ್ಕ ಈ ಮುದುಕಿ, ಇಡೀ ಸಂತಿಗಿ ಕೇಳೂ ಹಂಗ, ನನ್ನ ಅಡಗಿ ಹೊಳ್ಳಿ ಕಳಿಸಿದಾಕಿ ಹೆಂಗ ಹಾಡತಾಳೋ ನೋಡ್ತೀನಿ ಅಂದಳು.”

“ಸಿಟ್ಟಿನ್ಯಾಗ ಅಂದೀನಪಾ,” ಎಂದಳು ಮುರಿಗೆವ್ವ. “ನಿನಗೂ ಎಷ್ಟೋ ಸಲ ಅಂದೀನಿ. ನೀ ಸತ್ತೇನು?”

“ಅದನ್ನೂ ಪಂಚನಾಮೆದಾಗ ಬರೀಲೇನು ಬೇ?”

ಶಿವಾನಂದ ನಕ್ಕ. ನಗುವಿಗೆ ಹವಾಲ್ದಾರನ ಬಾಯಿ ಸಡಿಲವಾಯಿತು.

“ನಮಗ ಇದೊಂದ ಕೆಲಸ ಅಲ್ರಿ. ನಸಕಿನ್ಯಾಗ ಊರೂರು ತಿರುಗಿ ಸ್ವರಾಜ್ಯದ ಪದಾ ಹಾಡಿ ಮಾಯ ಆಗ್ತಾನಲ್ಲ, ಅವನ್ನೂ ಹಿಡೀಬೇಕು. ದನಿ ಎಲ್ಲಾರೂ ಕೇಳ್ಯಾರ. ಮುಖಾ ಒಬ್ಬರೂ ನೋಡಿಲ್ಲ.”

“ನೀವು ಕೇಳೀರೇನು?”

“ಹೊನವಾಡದಾಗ ಕೇಳೀನ್ರಿ. ಗಂಡದನಿ, ಭಾಳ ಛಲೋ. ಓಡಿ ಹೋಗಿ ಹಿಡೀಬೇಕಂದೆ. ಪದಾ ಮುಗೀಲಿ ಅಂತ ನಿಂತೆ. ಮುಗೀತು. ಅವನೂ ಇರಲಿಲ್ಲ.” ಮಲಕಾಜಪ್ಪ ಸುತ್ತ ನೋಡಿದ. “ಇದು ನಿಮ್ಮ ಹೊಟ್ಟ್ಯಾಗಿರಲಿ.”

ಊಟ ಮುಗಿಸಿ ಶಿವಾನಂದ ಮುರಿಗೆವ್ವನ ಜೊತೆ, ಬೈಠಕು ನಡೆಯಬೇಕಿದ್ದ ಹಳೆಯ ಸರಾಯಿಗೆ ಹೋದ. ಖಾನಾವಳಿಯ ಹಿಂದಿನ ದಾರಿಯಿಂದ ನಾಲ್ಕು ಮನೆ ದಾಟಿದರೆ ಅದು ಬರುತ್ತಿತ್ತು. ಸುಲ್ತಾನರ ಕಾಲದಲ್ಲಿ ಈ ದಾರಿಯಲ್ಲಿ ಹೋಗುವ ವ್ಯಾಪಾರಸ್ಥರು ಕುದುರೆ ಕಟ್ಟಿ ಮಲಗುತ್ತಿದ್ದ ಕಟ್ಟಡವೆಂದು ಊರವರು ಹೇಳುತ್ತಿದ್ದರು. ಕರಿಕಲ್ಲಿನ ಕಮಾನುಗಳು ಇನ್ನೂ ಗಟ್ಟಿಯಾಗಿದ್ದವು. ಅವನು ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದ. ಸದ್ದು ಒಡೆದು ಚದುರದೆ ದುಂಡಾಗಿ ತಿರುಗಿ ಬಂತು. ಈ ಜಾಗವನ್ನು ಹಾಡಿಗೆ ಆರಿಸಿದವರಿಗೆ ಕಿವಿ ಇದೆ ಎಂದುಕೊಂಡ.

ಗಾಯಕಿಗಾಗಿ ಹಾಕಿದ್ದ ಕಟ್ಟೆಯ ಹಿಂದೆ ದಪ್ಪ ಪರದೆ ಇನ್ನೂ ಇಳಿಬಿದ್ದಿತ್ತು. ಅದರ ಹಿಂದೆ ಸಣ್ಣ ಕೋಣೆ, ಕೋಣೆಗೆ ಹಿತ್ತಲ ಕಡೆಯ ಬಾಗಿಲು.

“ಪರದೆ ಯಾಕ?”

“ಬಾಯಾರ ಹೇಳಿ ಕಟ್ಟಿಸಿದ್ರು. ಹಿಂದಿನ ಗಾಳಿ ಗಂಟಲಿಗಿ ಬಡೀತೈತಂತ.” ಮುರಿಗೆವ್ವ ಕಲ್ಲಿನ ಗೂಡು ತೋರಿಸಿದಳು. “ಮೆಣಸು ಅರಿಶಿಣ ಹಾಕಿ ಬಿಸಿ ಹಾಲು ಇಲ್ಲಿಟ್ಟು ಹೋಗು ಅಂದಿದ್ರು. ಸಿಟ್ಟಿದ್ರೂ ಹಾಲಿಗಿ ತಪ್ಪಿಸಿಲ್ರಿ ನಾ. ಇಟ್ಟೆ. ಮುಂದಿನ ದೀಪಕ್ಕೆಲ್ಲಾ ಎಣ್ಣಿ ಹಾಕಿ ಹೊಳ್ಳಿ ಬಂದೆ. ಲೋಟ ಖಾಲಿ ಇತ್ತು. ಮನಿಗಿ ಬಂದು ನೋಡಿದ್ರ ಬಾಯಾರು ಜಗಲಿ ಮ್ಯಾಲೆ ಹೊಳ್ಯಾಡಾಕತ್ತಾರ.”

“ಹಾಲು ಕುಡದದ್ದು ನೀವು ನೋಡಿದ್ರೇನು?”

“ಇಲ್ರಿ. ಹಾಲಿನ್ಯಾಗ ವಿಷ ಇತ್ತಂತ ಮಂದಿ ಅಂತಾರ. ಅದರಾಗ ಉಳದ ಕೆನಿ ನಾನ ನೆಕ್ಕೀನಿ. ಇಲ್ಲೇ ನಿಂತೀನಲ್ರಿ.”

ಶಿವಾನಂದ ಅವಳನ್ನು ನೋಡಿದ. ಎರಡು ರಾತ್ರಿ ನಿದ್ದೆಯಿಲ್ಲದ ಮುಖ, ಆದರೆ ಗಟ್ಟಿ ಮನುಷ್ಯಳು. ಹಾಗಾದರೆ ಹಾಲಲ್ಲ. ಅನ್ನವಲ್ಲ; ಅನ್ನವನ್ನು ಹತ್ತು ಜನ ಉಂಡಿದ್ದರು. ಗಾಯಕಿಯನ್ನು ನೋಡಿದ ಬಬಲೇಶ್ವರದ ಡಾಕ್ಟರು ಹೇಳಿದ ಒಂದು ಮಾತು ಅವನ ತಲೆಯಲ್ಲಿತ್ತು: ವಾಂತಿಯ ಬಣ್ಣ ಹಸಿರು.

“ನಿಮ್ಮ ಮನ್ಯಾಗ ತಾಮ್ರದ ಪಾತ್ರೆ ಎಷ್ಟವ?”

“ಅನ್ನ ಸಾರಿಂದಾವೆಲ್ಲಾ ಕಲಾಯಿ ಆಗ್ಯಾವ್ರಿ. ಒಂದು ಹಂಡೇಕ ಆಗಿಲ್ಲ. ಕಲಾಯಿ ನಿಜಾಮುದ್ದೀನ ದೀಪಾವಳಿಗಿ ಬಂದಾಗ ತವರ ತೀರೇತಿ ಅಂದ. ಮಲಾಯಾ ಜಪಾನದವರ ಕೈಗಿ ಹೋದ ಮ್ಯಾಲೆ ತವರ ಎಲ್ಲಿಂದ ತರಲೆವ್ವಾ ಅಂತ ಕೈ ಎತ್ತಿದ.”

“ಆ ಹಂಡೆ ಎಲ್ಲದ?”

“ಹಿತ್ತಲ್ದಾಗ ಇತ್ತಲ್ಲ,” ಎನ್ನುತ್ತ ಮುರಿಗೆವ್ವ ಅಲ್ಲೇ ನಿಂತಳು. “ಶನಿವಾರದಿಂದ ಕಂಡಿಲ್ರಿ ಅದು.”

ಅಡುಗೆಮನೆಯಲ್ಲಿ ಸೊಸೆ ಲಕ್ಕವ್ವ ಒಲೆಯ ಮುಂದೆ ಕೂತಿದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ. ಹಂಡೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಎದ್ದು, ಗೋಡೆಗೆ ಒರಗಿಸಿದ್ದ ಕಟ್ಟಿಗೆಯನ್ನು ತಾನಾಗಿ ಸರಿಸತೊಡಗಿದಳು. ಹಿಂದೆ ತಾಮ್ರದ ಹಂಡೆ ಇತ್ತು. ತಳದಲ್ಲಿ ನಾಲ್ಕು ಬೆರಳು ಮಜ್ಜಿಗೆ. ಅಂಚಿಗೆ ಹಸಿರು ಪಟ್ಟಿ.

“ನಾ ಕೊಟ್ಟೀನ್ರಿ,” ಎಂದಳು ಲಕ್ಕವ್ವ, ಶಿವಾನಂದನಿಗಲ್ಲ, ನೆಲಕ್ಕೆ. “ಅತ್ತಿ ಸರಾಯಿಗಿ ಹಾಲು ಒಯ್ದಿದ್ರು. ಬಾಯಾರು ಹಿತ್ತಲ ಬಾಗಲಿಂದ ಒಳಗ ಬಂದು, ಒಂದು ಲೋಟ ಮಜ್ಜಗಿ ಕೊಡವ್ವಾ ಅಂದ್ರು. ಗಡಿಗ್ಯಾಗ ಒಂದು ಹನಿ ಇರಲಿಲ್ಲ. ಕತ್ತಲದಾಗ ಈ ಹಂಡೆ ಕಂಡಿತು. ಉಪ್ಪು ಜೀರಗಿ ಹಾಕಿ ಕೊಟ್ಟೆ. ನಿಂತ ನಿಲುವಿನ್ಯಾಗ ಕುಡದ್ರು. ಒಗರೈತಿ ಅಂದ್ರು. ಅಷ್ಟ.”

ಮುರಿಗೆವ್ವ ಹಣೆ ಹಿಡಿದುಕೊಂಡಳು.

“ಅದು ಕುಡಿಯೋದಲ್ಲ ಬೇ. ಹಾಡೋರು ಬರೋ ದಿನ ಮನ್ಯಾಗ ಹುಳಿ ಇರಬಾರದಂತ ಕಡದ ಮಜ್ಜಗಿ ಎಲ್ಲಾ ಓಣಿಗಿ ಹಂಚೀನಿ. ಉಳದ ಹಳೀ ಮಜ್ಜಗಿ ಹಂಡೇಕ ಸುರದೆ, ಕಿಲುಬು ಬಿಡಲಿ, ಬೆಳಗಾಕ ಹಗುರ ಆಗ್ತೈತಿ ಅಂತ. ಶುಕ್ರವಾರ ರಾತ್ರಿಯೆಲ್ಲಾ ಅದರಾಗ ಕೂತಿತ್ತು.”

“ನೀವು ಹೇಳಿರಲಿಲ್ಲಲ್ರಿ ನನಗ.”

“ಬಾಯಾರು ಮಜ್ಜಗಿ ಕೇಳ್ತಾರಂತ ನನಗ ಕನಸು ಬಿದ್ದಿತ್ತೇನು?”

ಶಿವಾನಂದ ಹಂಡೆಯನ್ನು ಎತ್ತಿಸಿ ಜಗಲಿಗೆ ತರಿಸಿದ. ರಸ್ತೆಯ ಜನ ಇನ್ನೂ ಹತ್ತಿರ ಬಂದರು. ಅವನು ಜೇಬಿನ ಚಾಕು ತೆಗೆದು, ಅಲಗನ್ನು ಇಟ್ಟಿಗೆಯ ಪುಡಿಯಿಂದ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಮಲಕಾಜಪ್ಪನ ಕೈಗೆ ಕೊಟ್ಟು ಮಜ್ಜಿಗೆಯಲ್ಲಿ ಅರ್ಧ ಅದ್ದಿ ಹಿಡಿಯಲು ಹೇಳಿದ.

“ಎಷ್ಟೊತ್ತು ಹಿಡೀಲಿ?”

“ಒಂದು ಎಲಿ ಅಡಿಕಿ ತಿನ್ನೋತನಕ.”

ಮಲಕಾಜಪ್ಪ ಒಂದು ಕೈಯಲ್ಲಿ ಚಾಕು ಹಿಡಿದು, ಇನ್ನೊಂದು ಕೈಯಿಂದ ಎಲೆ ಬಾಯಿಗೆ ಹಾಕಿಕೊಂಡ. ಅವಸರ ಮಾಡದೆ ಅಗಿದ. ಕೊನೆಗೆ ಚಾಕು ಮೇಲೆತ್ತಿ ಒರೆಸಿದ. ಮುಳುಗಿದ್ದಷ್ಟು ಭಾಗಕ್ಕೆ ತಾಮ್ರದ ಕೆಂಪು ಹತ್ತಿತ್ತು.

“ಹುಳಿ ತಾಮ್ರಾ ತಿಂದು ಹೊಟ್ಟ್ಯಾಗ ಇಟ್ಟುಕೊಂಡದ,” ಎಂದ ಶಿವಾನಂದ. “ಕಬ್ಬಿಣ ಸಿಕ್ಕ ಕೂಡಲೇ ಅದರ ಮ್ಯಾಲೆ ಇಳಿಸ್ತು. ಮನುಷ್ಯನ ಹೊಟ್ಟಿಗೆ ಹೋದ್ರ ಹೊಟ್ಟಿ ತಡಕೊಳ್ಳೂದಿಲ್ಲ, ಹೊರಗ ಹಾಕ್ತದ, ಹಸಿರಾಗಿ.”

“ಸೋಮಲದ ವಿಷ ಅಲ್ಲಂತೀರಿ?”

ಶಿವಾನಂದ ತಡೆದು ಉತ್ತರಿಸಿದ. ಹೆಚ್ಚು ಹೇಳಿ ಆಮೇಲೆ ಕಡಿಮೆ ಮಾಡಿಕೊಳ್ಳುವುದು ಅವನಿಗೆ ಆಗದು. “ಈ ಚಾಕು ತಾಮ್ರ ಅದ ಅಂತಷ್ಟ ಹೇಳ್ತದ. ಸೋಮಲ ಇಲ್ಲ ಅಂತ ಹೇಳೂದಿಲ್ಲ. ಆದ್ರ ಸೋಮಲ ಕುಡಿದವರು ಮರುದಿನ ಮಧ್ಯಾಹ್ನ ಎದ್ದು ಕೂತು ಗಂಜಿ ಕೇಳೂದಿಲ್ಲ. ಬಾಯಾರು ನಿನ್ನೆ ಕೇಳ್ಯಾರ. ನಾನು ಬರದು ಸಹಿ ಮಾಡಿಕೊಡ್ತೀನಿ.”

ಮಲಕಾಜಪ್ಪ ರಸ್ತೆಗೆ ಹೋಗಿ ಎಲೆಯಡಿಕೆ ಉಗುಳಿ ಬಂದ. “ಕೈತಪ್ಪಿಗಿ ಜೇಲಿಲ್ಲ. ಎರಡು ರೊಟ್ಟಿ ಹಾಕು ಬೇ, ಎರಡು ದಿನದ್ದು ಬಾಕಿ ಐತಿ ಹೊಟ್ಟಿಗಿ.”

ಲಕ್ಕವ್ವ ಅಳುತ್ತಿದ್ದಳು. ಮುರಿಗೆವ್ವ ಸೊಸೆಯ ಎದುರು ಬಂದು ನಿಂತಳು. ಏನಾಗುವುದೋ ಎಂದು ಜನ ಕತ್ತು ಚಾಚಿದರು.

“ಕಟಿಗಿ ಹಿಂದ ಮುಚ್ಚಿಟ್ಟಿ. ಅತ್ತಿ ಜೇಲಿಗಿ ಹೋದ್ರ ಒಲಿ ನಿಂದಾಗ್ತೈತಿ ಅಂತೇನು?”

“ಯವ್ವಾ, ಹಂಗಲ್ಲ…”

“ಹಂಗಲ್ಲ ಅಂತ ನನಗ ಗೊತ್ತೈತಿ. ಬೆಂಕಿ ಹಾಕು ನಡಿ. ಮಂದಿ ನಿಂತೈತಿ ಹೊರಗ.”

ಮೊದಲು ಜಗಲಿ ಹತ್ತಿದವನು, ಶನಿವಾರ ಎಲ್ಲರಿಗಿಂತ ಜೋರಾಗಿ ವಿಷ ವಿಷ ಎಂದು ಕೂಗಿದವನೇ. ಮುರಿಗೆವ್ವ ಅವನ ತಾಟಿಗೆ ಎಣ್ಣಿಗಾಯಿ ಹಾಕುವಾಗ ಒಂದು ಹೆಚ್ಚಿಗೆ ಹಾಕಿದಳು.

ಇದ್ದಿಲಿನಿಂದ ಓಡುವ ಮಧ್ಯಾಹ್ನದ ಬಸ್ಸು ಹೊಗೆ ಬಿಡುತ್ತ ಬಂತು, ಮುರಿಗೆವ್ವ ಇಲ್ಲದೆಯೇ ವಿಜಾಪುರದ ಕಡೆ ಹೋಯಿತು. ಅವಳು ಬಂಡಿಯಲ್ಲಿ ಕೂತು ಬಬಲೇಶ್ವರದ ದಾರಿಯಲ್ಲಿದ್ದಳು. ಮಡಿಲಲ್ಲಿ ಬಟ್ಟೆ ಸುತ್ತಿದ, ಸಿಹಿ ಮಾದೇಲಿಯ ಡಬ್ಬಿ. ಗಾಯಕಿಯ ಕೈ ಹಿಡಿದು ತಪ್ಪಾಯಿತು ಎಂದು ಹೇಳದೆ ಅವಳಿಗೆ ಸಮಾಧಾನವಿರಲಿಲ್ಲ. ಗಂಗಾಬಾಯಿಯಿಂದ ಫಿರ್ಯಾದಿಲ್ಲ ಎಂದು ಬರೆಸಿಕೊಳ್ಳಲು ಮಲಕಾಜಪ್ಪನೂ ಹತ್ತಿದ್ದ. ಹಿಂದೆ, ಶಿವಾನಂದನ ಪಕ್ಕದಲ್ಲಿ, ಪೇಟಿ ನುಡಿಸುವ ಪ್ರಲ್ಹಾದ ತನ್ನ ಹಾರ್ಮೋನಿಯಂ ಪೆಟ್ಟಿಗೆಯನ್ನು ಕಾಲಿನ ನಡುವೆ ಇಟ್ಟುಕೊಂಡು ಕೂತಿದ್ದ. ಬೈಠಕು ನಿಂತ ಮೇಲೆ ಅವನು ತಿಕೋಟಾದಲ್ಲೇ ಉಳಿದಿದ್ದ.

ಎರಡೂ ಕಡೆ ಬಿಳಿಜೋಳ ಹಾಲುಗಾಳು ಕಟ್ಟಿ ನಿಂತಿತ್ತು. ಶಿವಾನಂದನ ಮನಸ್ಸು ಹಗುರವಾಗಿತ್ತು. ಯಾರೂ ಯಾರನ್ನೂ ಕೊಲ್ಲಲು ಹೊರಟಿರಲಿಲ್ಲ. ಇಂಥ ಕೊನೆ ಅವನ ಕೆಲಸದಲ್ಲಿ ಅಪರೂಪ.

ಆದರೂ ಎರಡು ಲೋಟಗಳು ಅವನನ್ನು ಬಿಡಲಿಲ್ಲ. ಮುರಿಗೆವ್ವ ಸರಾಯಿಯಲ್ಲಿ ಹಾಲಿಟ್ಟು ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ಗಂಗಾಬಾಯಿ ಖಾನಾವಳಿಯ ಅಡುಗೆಮನೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದಳು. ಹಾಗಾದರೆ ಅಲ್ಲಿ ಹಾಲು ಕುಡಿದವರು ಯಾರು?

“ಹಾಡೋ ಮಂದಿ ಬೈಠಕಿನ ದಿನ ಮಜ್ಜಗಿ ಕುಡೀತಾರೇನ್ರಿ?” ಎಂದು ಪ್ರಲ್ಹಾದನನ್ನು ಕೇಳಿದ.

“ಮಜ್ಜಗಿ? ನಮ್ಮ ಗುರುಗಳು ಮೂರು ದಿನ ಮೊದಲ ಲಿಂಬಿಗಿಡದ ಕೆಳಗ ಹಾಯೂದೂ ಬಿಡತಿದ್ರು.”

“ಬಾಯಾರ ಜೊತಿ ಭಾಳ ವರ್ಷದಿಂದ ನುಡಸ್ತೀರೇನು?”

“ಇಲ್ರಿ, ಇದ ಮೊದಲ ಸಲ. ಭಾಳ ಕಡಕ್ ಹೆಂಗಸು. ಬಸ್ಸಿನ್ಯಾಗ ತಂಬೂರಿ ನಾ ಹಿಡೀತೀನಿ ಅಂದೆ. ಗವಸು ಸುದ್ದಾ ಮುಟ್ಟಗೊಡಲಿಲ್ಲ. ಸೀಟಿನ್ಯಾಗ ಹಿಡಿಸಲಿಲ್ಲ ಅದು, ಬಾಗಲತನಕ ಬಂದಿತ್ತು.”

“ತಂಬೂರಿಯೆಲ್ಲಾ ಒಂದ ಅಳತಿ ಇರ್ತಾವೇನು?”

ಪ್ರಲ್ಹಾದ ಇಂಥ ಪ್ರಶ್ನೆಗೇ ಕಾಯುತ್ತಿದ್ದವನಂತೆ ಹತ್ತಿರ ಸರಿದ. “ಅದ್ಹೆಂಗ್ರಿ? ಮಿರಜಿಗಿ ಹೋದ್ರ ಮೊದಲ ಕೇಳೂದ ಗಂಡಸಿಗೋ ಹೆಂಗಸಿಗೋ ಅಂತ. ಹೆಂಗಸರ ತಂಬೂರಿಗಿ ಬುರುಡಿ ಮ್ಯಾಲಿನ ಕುದುರೆಯಿಂದ ಮ್ಯಾಲಿನ ಪಟ್ಟಿತನಕ ತಂತಿ ಮೂವತ್ತೆರಡು ಇಂಚು. ಗಂಡಸರದು ನಲವತ್ತು. ಗಂಡದನಿ ಕೆಳಗ, ತಂತಿ ಉದ್ದ.”

ತಂತಿ ಉದ್ದವಾದಷ್ಟೂ ನಾದ ಕೆಳಗೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದೇ ತಂತಿಯ ಪೆಟ್ಟಿಗೆಯ ಮೇಲೆ ಶಿವಾನಂದ ಅದನ್ನು ಅಳೆದಿದ್ದ.

ಅಕ್ಕನಾಗಮ್ಮನ ವಾಡೆಯ ಪಡಸಾಲೆಯಲ್ಲಿ ಗಂಗಾಬಾಯಿ ಲೋಡಿಗೆ ಒರಗಿ ಕೂತಿದ್ದಳು. ನಲವತ್ತರ ಹತ್ತಿರದ, ಮುಖ ಬಿಳುಚಿದ್ದರೂ ಬೆನ್ನು ನೆಟ್ಟಗಿದ್ದ ಹೆಂಗಸು. ಮುರಿಗೆವ್ವ ಮಾದೇಲಿಯ ಡಬ್ಬಿಯನ್ನು ಅವಳ ಮುಂದೆ ಸರಿಸಿದಳು.

“ನಿಮಗ ಬಸ್ಸು ಹತ್ತಸ್ತಾರಂತ ಕೇಳಿದ್ದೆ,” ಎಂದಳು ಗಂಗಾಬಾಯಿ. “ಹತ್ತಸಲಿಲ್ಲಲ್ಲ?”

“ಇಲ್ರಿ ಯವ್ವಾ. ಈ ಸಾಹೇಬ್ರು ಬಿಡಿಸಿದ್ರು.”

ಗಂಗಾಬಾಯಿ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರುಬಿಟ್ಟಳು. ಹವಾಲ್ದಾರ ತಂದ ಕಾಗದಕ್ಕೆ ಓದದೆ ಸಹಿ ಹಾಕಿದಳು. ಡಬ್ಬಿ ತೆರೆದು ಮಾದೇಲಿಯನ್ನು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡಳು. ಆಗ ಮುರಿಗೆವ್ವ ನಿಜವಾಗಿ ಅತ್ತಳು.

“ಅಳಬ್ಯಾಡ್ರಿ. ನಿಮಗೊಂದು ಹಾಡು ಬಾಕಿ ಐತಿ. ಪ್ರಲ್ಹಾದ, ಪೇಟಿ ತಗೀರಿ.”

“ತಂಬೂರಿ ತರ್ಲೇನ್ರಿ?” ಎಂದ ಪ್ರಲ್ಹಾದ. ಮೂಲೆಯಲ್ಲಿ ಕೆಂಪು ಗವಸಿನ ತಂಬೂರಿ ಗೋಡೆಗೆ ಒರಗಿತ್ತು.

“ಬ್ಯಾಡ. ಕೈಯಾಗ ಶಕ್ತಿ ಇಲ್ಲ.”

“ನಾ ಮೀಟ್ತೀನಲ್ರಿ.”

“ಬ್ಯಾಡ ಅಂದ್ನಲ್ಲ.”

ಪೇಟಿಯ ಮೇಲಿನ ಶ್ರುತಿ ಹಿಡಿದು ಅವಳು ಭೀಮಪಲಾಸ ಹಾಡಿದಳು. ದಣಿದ ಗಂಟಲು ಮೊದಲು ತಡವರಿಸಿತು, ಆಮೇಲೆ ತೆರೆದುಕೊಂಡಿತು. ಮೂರು ಗಂಟೆಯ ಬಿಸಿಲು ಅಂಗಳದಲ್ಲಿ ಬಾಗುತ್ತಿತ್ತು. ಅಕ್ಕನಾಗಮ್ಮ ಕಂಬಕ್ಕೆ ತಲೆ ಆನಿಸಿ ಕೇಳಿದಳು. ಮುರಿಗೆವ್ವ ತಾಳ ತಪ್ಪಿ ತಲೆದೂಗಿದಳು; ಮಲಕಾಜಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಎಲ್ಲ ಸರಿಹೋಯಿತು ಎಂದು ಹೇಳಲು ಇದಕ್ಕಿಂತ ಒಳ್ಳೆಯ ರೀತಿ ಶಿವಾನಂದನಿಗೆ ತೋಚಲಿಲ್ಲ.

ಹಾಡು ಮುಗಿದ ಮೇಲೆ ಅಕ್ಕನಾಗಮ್ಮ ಎಲ್ಲರನ್ನೂ ಹೊರಗಿನ ಕಟ್ಟೆಗೆ ಊಟಕ್ಕೆ ಎಬ್ಬಿಸಿದಳು. ಶಿವಾನಂದ ಏಳಲಿಲ್ಲ.

“ಬಾಯಾರ, ಶನಿವಾರ ಸರಾಯಿದಾಗ ಮೆಣಸಿನ ಹಾಲು ಯಾರು ಕುಡದ್ರು?”

“ನಾನ.”

“ಮಜ್ಜಗಿ?”

“ಅದೂ ನಾನ.”

“ಎರಡೂ ಒಂದ ಹೊತ್ತಿನ್ಯಾಗ, ಎರಡು ಬ್ಯಾರೆ ಕಡೆ.”

ಗಂಗಾಬಾಯಿ ಡಬ್ಬಿಯ ಮುಚ್ಚಳ ಹಾಕಿದಳು. ಅವಳ ಬೆರಳು ಮುಚ್ಚಳದ ಮೇಲೆಯೇ ಉಳಿಯಿತು.

“ಮಂದಿ ಮುಂದ ಎಣ್ಣಿಗಾಯಿ ಹೊಳ್ಳಿ ಕಳಿಸಿದ್ರಿ, ಹಾಡೋರು ಹುಳಿ ಮುಟ್ಟಂಗಿಲ್ಲ ಅಂತ. ಮಂದಿ ಇಲ್ಲದಾಗ ಮಜ್ಜಗಿ ಕೇಳಿ ಕುಡದ್ರಿ.”

“ನೀರಡಿಕಿ ಆಗಿತ್ತು.”

“ನೀರು ಅಲ್ಲೇ ಇತ್ತು. ಆ ರಾತ್ರಿ ಹಾಡೋ ಗಂಟಲಾಗಿದ್ರ ನೀವು ಮಜ್ಜಗಿ ನೆನಸೂದೂ ಇಲ್ಲ. ಹಾಡೋ ಗಂಟಲು ಪರದೆ ಹಿಂದ ಹಾಲು ಕುಡೀತಿತ್ತು.”

ಹೊರಗೆ ಮಲಕಾಜಪ್ಪನ ದನಿ ಕೇಳುತ್ತಿತ್ತು. ಹೊನವಾಡದ ನಸುಕಿನಲ್ಲಿ ತಾನು ಕೇಳಿದ ದನಿಯ ಕಥೆಯನ್ನು ಪ್ರಲ್ಹಾದನಿಗೆ ಹೇಳುತ್ತಿದ್ದ. ಗಂಗಾಬಾಯಿ ಆ ಕಡೆ ನೋಡಿದಳು, ಆಮೇಲೆ ಶಿವಾನಂದನ ಕಡೆ.

“ಮುರಿಗೆವ್ವ ಮನಿಗಿ ಹೋಗ್ತಾಳಲ್ರಿ. ಇನ್ನೇನು ಬೇಕು ನಿಮಗ?” ಎಂದಳು ಮೆಲ್ಲಗೆ.

“ನನಗೇನೂ ಬ್ಯಾಡ. ತಂಬೂರಿ ಒಮ್ಮೆ ನೋಡ್ಲೇನ್ರಿ?”

ಅವಳು ಎದ್ದು ಹೋಗಿ ಪಡಸಾಲೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಶಿವಾನಂದ ಗವಸಿನ ಕಟ್ಟು ಬಿಚ್ಚಿದ. ಕೋಟಿನ ಜೇಬಿನಿಂದ ಟೇಪು ತೆಗೆದು, ಒಂದು ತುದಿಯನ್ನು ಕುದುರೆಗೆ ಹಿಡಿದು, ತಂತಿಯ ಗುಂಟ ಮೇಲಿನ ಪಟ್ಟಿಯವರೆಗೆ ಎಳೆದ. ಕಾಲೇಜಿನಲ್ಲಿ ಕಲಿಸಿದಂತೆ ಟೇಪು ತೆಗೆದು ಇನ್ನೊಮ್ಮೆ ಹಿಡಿದ.

ಎರಡು ಸಲವೂ ಒಂದೇ ಬಂತು. ನಲವತ್ತು ಇಂಚು, ಗಂಡದನಿಯ ಅಳತೆ.